ಚರ್ಚಿನ ಹೈಸ್ಕೂಲು ಯಾರದ್ದು? ಕನ್ನಡ ನಾಡಿನ ಮಿಷನ್ ಶಾಲೆಗಳ ಚರಿತ್ರೆ

ಮಂಗಳೂರಿನ ರಥಬೀದಿಯ ಬಿಇಎಂ (ಬಾಸೆಲ್ ಇವಾಂಜೆಲಿಕಲ್ ಮಿಷನ್) ಹೈಸ್ಕೂಲು 1838ರಲ್ಲಿ ಶುರುವಾಯಿತು ಎನ್ನುತ್ತಾರೆ. ಆ ಇಸವಿ ತಪ್ಪಲ್ಲ. ಆದರೆ 1838ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆ ಇರಲಿಲ್ಲ, ಅದನ್ನು ನಡೆಸುವ ವಿಶ್ವವಿದ್ಯಾಲಯ ಇರಲಿಲ್ಲ, ಶಾಲೆಗೆ ಮಾನ್ಯತೆ ಕೊಡುವ ಇಲಾಖೆಯೂ ಇರಲಿಲ್ಲ. ಆಗ ಶುರುವಾದದ್ದು ಒಂದು ಇಂಗ್ಲಿಷ್ ಶಾಲೆ, ಅಷ್ಟೆ. ಅದು ನಾವು ಬಲ್ಲ ಹೈಸ್ಕೂಲಾಗುವ ಹೊತ್ತಿಗೆ ಲಂಡನ್ನಿನಿಂದ ಒಂದು ಆದೇಶ ಬಂದಿತ್ತು, ಊರಿನ ತಂದೆತಾಯಂದಿರ ಜೊತೆ ಜಗಳವಾಗಿತ್ತು, ಪರೀಕ್ಷೆಯ ಯುಗ ಆರಂಭವಾಗಿತ್ತು. ಮುಂದೆ ಒಂದು ಮಹಾಯುದ್ಧವೂ ಒಂದು ಸಂವಿಧಾನವೂ ಅದನ್ನು ಇನ್ನೊಮ್ಮೆ ಬದಲಿಸಿದವು.

ನಮ್ಮ ಕಡೆಯ ಹಳೆಯ ಚರ್ಚ್ ಹೈಸ್ಕೂಲುಗಳ ಕಥೆ ಹೆಚ್ಚುಕಡಿಮೆ ಇದೇ. ಬಳ್ಳಾರಿ, ಧಾರವಾಡ, ಉಡುಪಿ, ಮೈಸೂರು, ಬೆಂಗಳೂರು, ಎಲ್ಲೇ ನೋಡಿದರೂ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಸ್ಥಾಪಕ ಪಾದ್ರಿಯ ಚಿತ್ರ, ಮುಖ್ಯೋಪಾಧ್ಯಾಯರ ಪಟ್ಟಿ, ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳ ಪಟ್ಟಿ ಸಿಗುತ್ತವೆ. ಓದಿದವರಿಗೆ ಶಾಲೆ ಒಬ್ಬ ಪುಣ್ಯಾತ್ಮನ ಕನಸು ಅನ್ನಿಸುತ್ತದೆ. ಇನ್ನು ಕೆಲವರ ಬಾಯಲ್ಲಿ ಇದೇ ಶಾಲೆ ಮತಾಂತರಕ್ಕೆಂದೇ ಕಟ್ಟಿದ ಯಂತ್ರ. ಎರಡು ಮಾತಿನಲ್ಲೂ ಸತ್ಯದ ಒಂದೊಂದು ಚೂರಿದೆ, ಪೂರ್ತಿ ಸತ್ಯ ಎರಡರಲ್ಲೂ ಇಲ್ಲ. ಈ ಶಾಲೆಗಳನ್ನು ರೂಪಿಸಿದ್ದು ಮಿಷನ್, ಸರ್ಕಾರ, ಊರಿನ ಪೋಷಕರು ಈ ಮೂವರ ನಡುವೆ ತಲೆಮಾರುಗಟ್ಟಲೆ ನಡೆದ ಕೊಡುಕೊಳ್ಳುವಿಕೆ ಎಂಬುದು ನನ್ನ ದೃಢ ಅಭಿಪ್ರಾಯ. ಯಾರು ಏನು ಕೊಟ್ಟರು, ಬದಲಿಗೆ ಏನು ಕೇಳಿದರು ಎಂದು ನೋಡಿದರೆ ಶಾಲೆಯ ಇವತ್ತಿನ ಸ್ವರೂಪವೂ ಅರ್ಥವಾಗುತ್ತದೆ.

ಮೊದಲ ಒಪ್ಪಂದ

1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಇಂಡಿಯಾದ ಬಾಗಿಲು ತೆರೆಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾಗಿದ್ದ ಮಿಷನ್ ಮರುವರ್ಷವೇ ಮೂವರನ್ನು ಕಳಿಸಿತು. ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ 1834ರ ಅಕ್ಟೋಬರ್ ಕೊನೆಗೆ ಮಂಗಳೂರು ಮುಟ್ಟಿದರು. 1836ರಲ್ಲಿ ಒಂದು ಕನ್ನಡ ಶಾಲೆ, 1838ರಲ್ಲಿ ಇಂಗ್ಲಿಷ್ ಶಾಲೆ. ಅಷ್ಟರೊಳಗೆ, 1837ರಲ್ಲಿ, ಧಾರವಾಡದಲ್ಲೂ ಅವರ ಕೇಂದ್ರ ಆರಂಭವಾಗಿತ್ತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ನೆಲೆ ನಿಂತಿದ್ದರು. ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನವರೂ ವೆಸ್ಲಿಯನ್ನರೂ (ಇಂಗ್ಲೆಂಡಿನ ಮೆಥಡಿಸ್ಟ್ ಮಿಷನ್ನಿನವರು) ಶಾಲೆ ನಡೆಸುತ್ತಿದ್ದರು.

ಮಿಷನರಿಗಳಿಗೆ ಕನ್ನಡ ಶಾಲೆ ಯಾಕೆ ಬೇಕಿತ್ತು ಎನ್ನುವುದು ಸುಲಭ. ಪ್ರೊಟೆಸ್ಟೆಂಟರ ನಂಬಿಕೆಯಲ್ಲಿ ಪ್ರತಿಯೊಬ್ಬರೂ ತಮ್ಮ ಭಾಷೆಯಲ್ಲಿ ತಾವೇ ಬೈಬಲ್ ಓದಬೇಕು. ಓದು ಬಾರದ ಊರಿನಲ್ಲಿ ಶಾಲೆ ಬೇಕು, ಶಾಲೆಗೆ ಪುಸ್ತಕ ಬೇಕು, ಪುಸ್ತಕಕ್ಕೆ ಅಚ್ಚುಕೂಟ ಬೇಕು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಪ್ರೆಸ್ ಶುರುವಾದದ್ದು ಈ ಸರಪಳಿಯಲ್ಲೇ. ಅಲ್ಲಿನ ಕಲ್ಲಚ್ಚಿನಲ್ಲೇ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದರು. ಮನೆಯಲ್ಲಿ ತುಳು, ಪೇಟೆಯಲ್ಲಿ ಕೊಂಕಣಿ ಮಾತಾಡುವ ಊರು ಅದು. ಅಲ್ಲಿ ಬಾಸೆಲಿನವರು ಸಭೆಗೆ, ಅಂದರೆ ಚರ್ಚಿನ ಆರಾಧನೆಗೆ, ತುಳುವನ್ನೂ ಶಾಲೆಗೆ ಕನ್ನಡವನ್ನೂ ಆರಿಸಿಕೊಂಡರು. ತುಳು ಹೊಸ ಒಡಂಬಡಿಕೆ 1847ರಲ್ಲಿ ಅಚ್ಚಾಯಿತು. ಮುಂದೆ ಕಿಟೆಲ್ ತಮ್ಮ ನಿಘಂಟನ್ನು 1894ರಲ್ಲಿ ಮುಗಿಸಿದಾಗ ಆ ಬೃಹತ್ ಕೆಲಸಕ್ಕೆ ಅಚ್ಚಿನ ಮೊಳೆ ಸಿದ್ಧವಾಗಿದ್ದದ್ದೂ ಇದೇ ಪ್ರೆಸ್ಸಿನಲ್ಲಿ.

ಇಂಗ್ಲಿಷ್ ಶಾಲೆಯ ಲೆಕ್ಕ ಬೇರೆ. ಅದನ್ನು ಬಯಸಿದವರು ಊರಿನವರು. ಕಲೆಕ್ಟರ್ ಕಚೇರಿ, ಕೋರ್ಟು, ಕಂಪನಿಯ ಗುಮಾಸ್ತಿಕೆ, ಎಲ್ಲಕ್ಕೂ ಇಂಗ್ಲಿಷ್ ಬೇಕಾಗುತ್ತಿತ್ತು. ಮಗ ಇಂಗ್ಲಿಷ್ ಕಲಿಯಲಿ, ದಿನಕ್ಕೊಂದು ಬೈಬಲ್ ಪಾಠ ಕೇಳಿದರೆ ಕೇಳಲಿ ಎಂದು ಸಾರಸ್ವತರೂ ಇತರ ಮೇಲ್ಜಾತಿಯವರೂ ಮಕ್ಕಳನ್ನು ಕಳಿಸಿದರು. ಇಂಗ್ಲಿಷ್ ಕಲಿಯಲು ಬಂದವರು ಬೈಬಲ್ ಪಾಠವನ್ನೂ ಕೇಳಲಿ ಎಂದು ಮಿಷನ್ ಸೇರಿಸಿಕೊಂಡಿತು. ಇನ್ನೊಬ್ಬರಿಗೆ ಏನು ಬೇಕೆಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು. ಇದನ್ನು ಮೋಸ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಕಣ್ಣು ತೆರೆದು ಮಾಡಿಕೊಂಡ ಒಪ್ಪಂದ ಅದು.

ಒಪ್ಪಂದ ಮುರಿದದ್ದು 1844ರಲ್ಲಿ. ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಜೊತೆಗಾರರೊಂದಿಗೆ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ. ಊರು ಕುದಿಯಿತು, ಮಕ್ಕಳನ್ನು ಶಾಲೆ ಬಿಡಿಸಲಾಯಿತು. ಕೌಂಡಿನ್ಯ ಮುಂದೆ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು ಹಿಂದಿರುಗಿದರು. ಮಿಷನ್ನಿನ ವರದಿಗಳಲ್ಲಿ ಇದು ದೊಡ್ಡ ಗೆಲುವು. ಶಾಲೆಯ ಪಾಲಿಗೆ ಮಾತ್ರ ಇದು ಒಂದು ಎಚ್ಚರಿಕೆ. ಕ್ರಮೇಣ ಪೋಷಕರು ಮರಳಿದರು, ಬೈಬಲ್ ತರಗತಿಯೂ ಉಳಿಯಿತು, ಆದರೆ ಮಿತಿ ಎಲ್ಲಿದೆ ಎಂಬುದು ಎರಡೂ ಕಡೆಗೆ ತಿಳಿಯಿತು. ಶಾಲೆಗಳು ತುಂಬುತ್ತ ಹೋದವು, ಇಂಗ್ಲಿಷ್ ತರಗತಿಯಿಂದ ಚರ್ಚಿಗೆ ಬಂದವರು ಬೆರಳೆಣಿಕೆಯಷ್ಟೇ. ಕರಾವಳಿಯ ಪ್ರೊಟೆಸ್ಟೆಂಟ್ ಸಭೆ ಬೆಳೆದದ್ದು ಹೆಚ್ಚಾಗಿ ಬಿಲ್ಲವರಂಥ ಸಮುದಾಯಗಳಿಂದ, ಹಳ್ಳಿಗಳಿಂದ. ಮೇಲ್ಜಾತಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಮಿಷನ್ನಿನ ಹಣ ಯಾಕೆ ಸುರಿಯಬೇಕು ಎಂಬ ಪ್ರಶ್ನೆ ಹಾಗಾಗಿ ಮಿಷನ್ನಿನ ಒಳಗೇ ಎದ್ದಿತು.

ಸರ್ಕಾರ ಹಣ ಕೊಟ್ಟಾಗ

ಆ ಪ್ರಶ್ನೆಗೆ ಉತ್ತರ ಬಂದದ್ದು 1854ರ ಜುಲೈಯಲ್ಲಿ. ಲಂಡನ್ನಿನಲ್ಲಿ ಇಂಡಿಯಾದ ಆಡಳಿತದ ಮೇಲ್ವಿಚಾರಣೆ ನಡೆಸುತ್ತಿದ್ದ ಮಂಡಳಿಯ ಅಧ್ಯಕ್ಷ ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣದ ಆದೇಶ ಮೂರು ಕೆಲಸ ಮಾಡಿತು. ಪ್ರತಿ ಪ್ರಾಂತದಲ್ಲೂ ಶಿಕ್ಷಣ ಇಲಾಖೆ, ಮೂರು ಪ್ರೆಸಿಡೆನ್ಸಿ ನಗರಗಳಲ್ಲಿ ವಿಶ್ವವಿದ್ಯಾಲಯ, ಖಾಸಗಿ ಶಾಲೆಗಳಿಗೆ ಸಹಾಯಧನ. ಈ ಮೂರನೆಯದರ ಷರತ್ತುಗಳನ್ನು ಗಮನಿಸಬೇಕು. ಲೌಕಿಕ ವಿಷಯಗಳನ್ನು ಚೆನ್ನಾಗಿ ಕಲಿಸಬೇಕು, ಶಾಲೆಗೆ ಜವಾಬ್ದಾರಿಯುತ ಸ್ಥಳೀಯ ಆಡಳಿತ ಇರಬೇಕು, ಸರ್ಕಾರಿ ಇನ್ಸ್ಪೆಕ್ಟರ್ ಬಂದು ನೋಡಲು ಒಪ್ಪಬೇಕು, ಎಷ್ಟೇ ಕಡಿಮೆಯಾಗಲಿ ಫೀಸು ತೆಗೆದುಕೊಳ್ಳಬೇಕು. ಶಾಲೆ ಯಾವ ಧರ್ಮವನ್ನು ಬೋಧಿಸುತ್ತದೆ ಎಂಬುದನ್ನು ಇನ್ಸ್ಪೆಕ್ಟರ್ ಕೇಳಬಾರದು.

ಮಿಷನ್ನುಗಳಿಗೆ ಇದು ವರ. ಆದರೆ ಇನ್ಸ್ಪೆಕ್ಟರ್ ಒಳಗೆ ಬಂದ ದಿನದಿಂದ ಶಾಲೆಯ ವೇಳಾಪಟ್ಟಿ ಮಿಷನ್ನಿನ ಕೈಯಲ್ಲಿ ಪೂರ್ತಿ ಉಳಿಯಲಿಲ್ಲ. ಅನುದಾನ ಬೇಕೆಂದರೆ ಗಣಿತ, ಭೂಗೋಳ, ಇತಿಹಾಸ ಇಲಾಖೆ ಹೇಳಿದಷ್ಟು ಇರಬೇಕು. 1857ರಲ್ಲಿ ಮದ್ರಾಸು, ಬೊಂಬಾಯಿ, ಕಲ್ಕತ್ತ ವಿಶ್ವವಿದ್ಯಾಲಯಗಳು ಹುಟ್ಟಿದವು, ಅವುಗಳೊಂದಿಗೆ ಪ್ರವೇಶ ಪರೀಕ್ಷೆಯೂ, ಅಂದರೆ ಮೆಟ್ರಿಕ್ಯುಲೇಷನ್ನೂ, ಬಂತು. ಪರೀಕ್ಷೆಗೆ ಹುಡುಗರನ್ನು ಕಳಿಸುವ ಶಾಲೆಯೇ ಹೈಸ್ಕೂಲು, ಅದರ ಕೆಳಗೆ ನಿಲ್ಲುವುದು ಮಿಡ್ಲ್ ಸ್ಕೂಲು. ಹಳೆಯ ಇಂಗ್ಲಿಷ್ ಶಾಲೆಗಳು ಹೈಸ್ಕೂಲುಗಳಾದದ್ದು ಹೀಗೆ. ಶಾಲೆಯ ಹೆಸರು ಉಳಿಯುವುದೂ ಅಳಿಯುವುದೂ ಪಾಸಾದವರ ಎಣಿಕೆಯ ಮೇಲೆ ನಿಂತಿತು.

ಕನ್ನಡ ನಾಡು ಆಗ ಒಂದಾಗಿರಲಿಲ್ಲವಲ್ಲ, ಅದರ ಗುರುತು ಈ ಶಾಲೆಗಳ ಮೇಲೆ ಚೆನ್ನಾಗಿ ಉಳಿದಿದೆ. ಮಂಗಳೂರು, ಉಡುಪಿ, ಬಳ್ಳಾರಿಯ ಹುಡುಗರು ಮದ್ರಾಸಿನ ಪರೀಕ್ಷೆಗೆ ಕೂರುತ್ತಿದ್ದರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬರುವವರೆಗೆ ಮೈಸೂರು ಸೀಮೆಯ ಹುಡುಗರೂ ಅಷ್ಟೆ. ಧಾರವಾಡ, ಹುಬ್ಬಳ್ಳಿಯವರು ಬೊಂಬಾಯಿ ವಿಶ್ವವಿದ್ಯಾಲಯದ ಮೆಟ್ರಿಕ್ಕಿಗೆ ಓದುತ್ತಿದ್ದರು. ಅಲ್ಲಿ ಕನ್ನಡ ಶಾಲೆಯ ಏಳನೆಯ ಇಯತ್ತೆ (ತರಗತಿ) ಮುಗಿಸಿದವರಿಗೆ ಮುಲ್ಕಿ ಎಂಬ ಪರೀಕ್ಷೆ. ಒಂದೇ ಬಾಸೆಲ್ ಮಿಷನ್ ನಡೆಸಿದ ಎರಡು ಹೈಸ್ಕೂಲುಗಳು, ಒಂದು ಮಂಗಳೂರಿನಲ್ಲಿ, ಇನ್ನೊಂದು ಧಾರವಾಡದಲ್ಲಿ. ಅವುಗಳ ಪಠ್ಯ, ತರಗತಿಗಳ ಲೆಕ್ಕ, ಇನ್ಸ್ಪೆಕ್ಟರು, ಅನುದಾನದ ನಿಯಮ ಎಲ್ಲವೂ ಬೇರೆಬೇರೆ. ಒಂದರಲ್ಲಿ ಆರನೆಯ ಫಾರಂ ಎಂದರೆ ಕೊನೆಯ ತರಗತಿ. ಇನ್ನೊಂದರಲ್ಲಿ ಆ ಲೆಕ್ಕವೇ ಇಲ್ಲ. ಅಜ್ಜನ ಸರ್ಟಿಫಿಕೇಟು ಹಿಡಿದು ತಲೆ ಕೆರೆದುಕೊಳ್ಳುವವರು ಮೊದಲು ನೋಡಬೇಕಾದದ್ದು ಶಾಲೆ ಯಾವ ಪ್ರಾಂತದಲ್ಲಿತ್ತು ಎಂಬುದನ್ನು.

ಪೈಪೋಟಿಯೂ ಶುರುವಾಯಿತು. ಇಟಲಿಯ ಜೆಸುಯಿಟರು 1880ರಲ್ಲಿ ಮಂಗಳೂರಿನಲ್ಲಿ ಸೇಂಟ್ ಅಲೋಶಿಯಸ್ ತೆರೆದರು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಹೈಸ್ಕೂಲು ಕಟ್ಟಿದರು. ಇಂಗ್ಲಿಷಿಗಾಗಿ ಬೈಬಲ್ ಪಾಠ ಸಹಿಸಬೇಕಾದ ಅನಿವಾರ್ಯ ಅಲ್ಲಿಗೆ ಮುಗಿಯಿತು. ಅದಕ್ಕೂ ಮೊದಲೇ, 1882ರಲ್ಲಿ, ಸರ್ಕಾರದ ಶಿಕ್ಷಣ ನೀತಿಯನ್ನು ಪರಿಶೀಲಿಸಲು ಹಂಟರ್ ಆಯೋಗ ಕೂತಿತ್ತು. ಸರ್ಕಾರ ಪ್ರೌಢಶಿಕ್ಷಣದಿಂದ ಹಿಂದೆ ಸರಿದರೆ ಆ ಜಾಗ ತಮಗೆ ಸಿಗುತ್ತದೆ ಎಂದು ಮಿಷನ್ನುಗಳು ಕಾದಿದ್ದವು. ಖಾಸಗಿ ಪ್ರಯತ್ನಕ್ಕೆ ಬಿಡಿ ಎಂದು ಆಯೋಗ ಹೇಳಿದ್ದು ನಿಜ, ಆದರೆ ಅದರ ಒಲವಿದ್ದದ್ದು ಈ ದೇಶದವರೇ ಕಟ್ಟುವ ಸಂಸ್ಥೆಗಳ ಕಡೆಗೆ. ನಮ್ಮ ಊರುಗಳ ವಿದ್ಯಾಸಂಸ್ಥೆಗಳ ಬೆಳವಣಿಗೆಗೆ ಈ ನೀತಿಯೂ ಒಂದು ಕಾರಣ.

ಯಾರಿಗೆ ಬಾಗಿಲು ತೆರೆದಿತ್ತು?

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಸ್ಮರಣ ಸಂಚಿಕೆಗಳು ಇಲ್ಲಿ ನಿಲ್ಲುವುದಿಲ್ಲ. 1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆ ಒಬ್ಬ ಮಹಾರ್ ಹುಡುಗನನ್ನು ಸೇರಿಸಿಕೊಳ್ಳಲಿಲ್ಲ. ಅವನು ಬೊಂಬಾಯಿ ಸರ್ಕಾರಕ್ಕೆ ಅರ್ಜಿ ಬರೆದ. ಒಬ್ಬನಿಗಾಗಿ ಉಳಿದವರೆಲ್ಲರ ವಿರೋಧ ಕಟ್ಟಿಕೊಂಡರೆ ಶಾಲೆಯೇ ನಿಷ್ಪ್ರಯೋಜಕವಾಗುತ್ತದೆ ಎಂಬರ್ಥದ ಉತ್ತರ ಕೊಟ್ಟು ಸರ್ಕಾರ ಅರ್ಜಿಯನ್ನು ತಳ್ಳಿಹಾಕಿತು. ಮೇಲಿನಿಂದ ಆಕ್ಷೇಪ ಬಂದ ಮೇಲೆ, 1858ರಲ್ಲಿ, ಸರ್ಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿವೆ ಎಂಬ ಘೋಷಣೆ ಹೊರಬಿತ್ತು. ಅಂಬೇಡ್ಕರ್ ಮುಂದೆ ಈ ಪ್ರಕರಣವನ್ನು ಉದಾಹರಿಸಿದ್ದಾರೆ.

ಮಿಷನ್ ಶಾಲೆಗಳ ನಿಯಮದಲ್ಲಿ ಜಾತಿಯ ತಡೆ ಇರಲಿಲ್ಲ, ಅದು ಅವುಗಳ ದೊಡ್ಡತನ. ಹಾಗೆಂದು ಹೈಸ್ಕೂಲಿನ ಬೆಂಚುಗಳಲ್ಲಿ ದಲಿತ ಮಕ್ಕಳು ತುಂಬಿದ್ದರು ಎಂದುಕೊಳ್ಳಬಾರದು. ಫೀಸು, ಇಂಗ್ಲಿಷ್, ಪೇಟೆಯಲ್ಲಿ ಉಳಿಯುವ ಖರ್ಚು, ಇವೇ ಜರಡಿಯ ಕೆಲಸ ಮಾಡುತ್ತಿದ್ದವು. ಬಡ ಮಕ್ಕಳು ಬಂದದ್ದು ಹಳ್ಳಿಯ ಮಿಷನ್ ಪ್ರಾಥಮಿಕ ಶಾಲೆಗೆ, ಅನಾಥಾಲಯಕ್ಕೆ, ಬೋರ್ಡಿಂಗಿಗೆ. ಅಲ್ಲಿಂದ ಬಹಳ ಮಂದಿ ನೇಯ್ಗೆಯ ಶೆಡ್ಡಿಗೋ 1865ರಲ್ಲಿ ಶುರುವಾದ ಹಂಚಿನ ಕಾರ್ಖಾನೆಗೋ ಹೋದರು. ಹೈಸ್ಕೂಲಿಗೆ ಏರಿದವರು ಕೆಲವರೇ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ 1897ರಲ್ಲಿ ದಲಿತರಿಗಾಗಿಯೇ ಸಂಸ್ಥೆ ಕಟ್ಟಬೇಕಾಗಿ ಬಂತು. ಆ ಹೊತ್ತಿಗೆ ಊರಿನಲ್ಲಿ ಹೆಸರಾಂತ ಹೈಸ್ಕೂಲುಗಳಿಗೆ ಕೊರತೆಯಿರಲಿಲ್ಲ, ಆದರೂ ಅವರು ಹೊಸದಾಗಿ ಶುರುಮಾಡಬೇಕಾಯಿತು ಎಂಬುದನ್ನು ಮರೆಯಬಾರದು.

ಹುಡುಗಿಯರ ಕಥೆ ಇನ್ನೊಂದು ದಾರಿಯದು. ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಪಾದ್ರಿಗಳ ಹೆಂಡಂದಿರು 1842ರಲ್ಲಿ ಕನ್ನಡ ಹುಡುಗಿಯರಿಗೆ ಶಾಲೆ ತೆರೆದರು. ಹೀಗೆ ಶುರುವಾದ ಶಾಲೆಗಳು ಹೈಸ್ಕೂಲಾಗಲು ದಶಕಗಳು ಬೇಕಾದವು. ಅಡ್ಡಿಯಾಗಿದ್ದ ಮುಖ್ಯ ಕೊರತೆ ಕಲಿಸುವ ಹೆಂಗಸರದು. ಆ ಶಾಲೆಗಳಲ್ಲೇ ಓದಿದವರು ಅಲ್ಲೇ ಶಿಕ್ಷಕಿಯರಾಗಿ ಆ ಕೊರತೆ ತುಂಬಿದರು. ಸ್ಥಾಪಕರ ಹೆಸರು ಕಟ್ಟಡಕ್ಕಿದೆ. ಇವರ ಹೆಸರು ಹಾಜರಿ ಪುಸ್ತಕ ತೆರೆದರೆ ಮಾತ್ರ ಸಿಗುತ್ತದೆ.

ಯುದ್ಧ, ಆಮೇಲೆ ಒಡೆತನ

ಬಾಸೆಲ್ ಮಿಷನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಇಲ್ಲಿಗೆ ಬಂದವರಲ್ಲಿ ಬಹುಪಾಲು ಜರ್ಮನರು, ವಿಶೇಷವಾಗಿ ವುರ್ಟೆಂಬರ್ಗಿನವರು. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾದಾಗ ಅವರೆಲ್ಲ ಶತ್ರು ರಾಷ್ಟ್ರದ ಪ್ರಜೆಗಳಾದರು. ಹಲವರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿ, ಆಮೇಲೆ ಹಡಗು ಹತ್ತಿಸಿ ಊರಿಗೆ ಕಳಿಸಲಾಯಿತು. ಹಂಚು, ನೇಯ್ಗೆ, ವ್ಯಾಪಾರದ ಆಸ್ತಿ ಸರ್ಕಾರದ ವಶವಾಗಿ 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋಯಿತು. ಮಿಷನ್ನಿಗೆ ಲಾಭ ತಂದುಕೊಡುತ್ತಿದ್ದ ಮೂಲವೇ ಹೀಗೆ ಕೈತಪ್ಪಿತು.

ಶಾಲೆಗಳು ಮುಚ್ಚಿಹೋಗಬೇಕಿತ್ತು. ಹೆಚ್ಚಿನವು ಮುಚ್ಚಲಿಲ್ಲ. ಈ ಒಂದು ಸಂಗತಿ ನನಗೆ ಇಡೀ ಚರಿತ್ರೆಯಲ್ಲಿ ಅತ್ಯಂತ ಮುಖ್ಯ ಅನ್ನಿಸುತ್ತದೆ. ಮೇಲಧಿಕಾರಿಗಳಾಗಿದ್ದ ಯುರೋಪಿಯನ್ನರು ಹೊರಟುಹೋದರೂ ತರಗತಿ ನಡೆಯಿತು ಎಂದರೆ, ತರಗತಿ ನಡೆಸುತ್ತಿದ್ದವರು ಮೊದಲಿನಿಂದಲೂ ಇಲ್ಲಿಯವರೇ ಎಂದಾಯಿತು. ಕನ್ನಡ ಪಂಡಿತರು, ಗಣಿತದ ಮೇಷ್ಟ್ರುಗಳು, ಸಭೆಯ ಉಪದೇಶಿಗಳು, ಜೊತೆಗೆ ಕ್ರೈಸ್ತರಲ್ಲದ ಅನೇಕ ಶಿಕ್ಷಕರು. ಸಭೆಯ ಹಿರಿಯರು ಆಡಳಿತ ಕಲಿತದ್ದೂ ಆ ವರ್ಷಗಳ ಒತ್ತಡದಲ್ಲೇ. 1920ರ ದಶಕದಲ್ಲಿ ಬಾಸೆಲಿನವರು ಮರಳಿ ಬಂದರು, ಆದರೆ ಹಳೆಯ ಯಜಮಾನಿಕೆ ಮರಳಲಿಲ್ಲ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ರೂಪುಗೊಂಡಿತು. ಆಂಗ್ಲಿಕನ್, ಮೆಥಡಿಸ್ಟ್, ಲಂಡನ್ ಮಿಷನ್ ಪರಂಪರೆಯ ಸಭೆಗಳು ಅದರಲ್ಲಿ ಒಂದಾದವು, ಕರಾವಳಿಯ ಬಾಸೆಲ್ ಸಭೆಗಳೂ ಸೇರಿದವು. ಧಾರವಾಡ ಕಡೆಯ ಬಾಸೆಲ್ ಸಭೆಗಳು ಸೇರಿದ್ದು 1968ರಲ್ಲಿ. 1970ರಲ್ಲಿ ಕರ್ನಾಟಕದ ಸಿಎಸ್‌ಐ ಉತ್ತರ, ಮಧ್ಯ, ದಕ್ಷಿಣ ಎಂದು ಮೂರು ಸಭಾಪ್ರಾಂತಗಳಾಯಿತು (ಒಬ್ಬೊಬ್ಬ ಬಿಷಪ್ಪರ ಆಡಳಿತದ ವಲಯ). ನಡುವೆ 1956ರ ನವೆಂಬರ್ 1ರಂದು ರಾಜ್ಯ ಒಂದಾಗಿ, ಫಾರಂ, ಇಯತ್ತೆ ಎಂಬ ಲೆಕ್ಕಗಳೆಲ್ಲ ಕ್ರಮೇಣ ಒಂದೇ ಪಠ್ಯಕ್ರಮಕ್ಕೆ ಬಂದವು. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ರಚನೆಯಾಯಿತು. ಒಂದು ಶಾಲೆಯ ಹೆಸರಿನಲ್ಲಿ ಬಾಸೆಲ್, ಆಡಳಿತದಲ್ಲಿ ಸಿಎಸ್‌ಐ, ಸರ್ಟಿಫಿಕೇಟಿನಲ್ಲಿ ಕರ್ನಾಟಕ ಸರ್ಕಾರ ಇರುವುದಕ್ಕೆ ಈ ಇಸವಿಗಳೇ ಕಾರಣ.

ಇವತ್ತು ಯಾರ ಮಾತು ನಡೆಯುತ್ತದೆ?

ಅನುದಾನಿತ ಚರ್ಚ್ ಹೈಸ್ಕೂಲಿನ ಬಗ್ಗೆ ಜನರಿಗೆ ಬಹಳ ಗೊಂದಲ. ಸರಳವಾಗಿ ಹೇಳುವುದಾದರೆ, ಜಾಗ ಮತ್ತು ಕಟ್ಟಡ ಚರ್ಚಿನ ಸಂಸ್ಥೆಗೆ ಸೇರಿದ್ದು. ಮಂಜೂರಾದ ಹುದ್ದೆಗಳಲ್ಲಿರುವ ಶಿಕ್ಷಕರ ಸಂಬಳ ಸರ್ಕಾರದ್ದು. ನೇಮಕ ಮಾಡುವುದು ಆಡಳಿತ ಮಂಡಳಿ, ಆದರೆ ಇಲಾಖೆ ಅನುಮೋದಿಸಬೇಕು. ಪಠ್ಯ, ಪರೀಕ್ಷೆ ಸರ್ಕಾರದ್ದು. ದಿನನಿತ್ಯದ ಶಾಲೆ ಮುಖ್ಯೋಪಾಧ್ಯಾಯರದ್ದು, ಅವರ ಮೇಲೆ ಸಂಚಾಲಕರು, ಸಂಚಾಲಕರ ಮೇಲೆ ಸಭಾಪ್ರಾಂತದ ಶಿಕ್ಷಣ ಮಂಡಳಿ, ಬಿಷಪ್. ಒಂದು ಹುದ್ದೆ ಖಾಲಿಯಾದರೆ ಎರಡು ಕಡೆಯಿಂದಲೂ ಕಾಗದ ಓಡಾಡಬೇಕು. ಇಲಾಖೆಯ ಅನುಮತಿ ಬರುವವರೆಗೆ ಆಡಳಿತ ಮಂಡಳಿ ತನ್ನ ಕೈಯಿಂದ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಬೇಕು, ಇಲ್ಲವೇ ಇದ್ದವರೇ ಹೆಚ್ಚು ಪಿರಿಯಡ್ ತೆಗೆದುಕೊಳ್ಳಬೇಕು.

ಇದರ ಮೇಲೆ ಸಂವಿಧಾನವಿದೆ. 30ನೇ ವಿಧಿ ಧಾರ್ಮಿಕ ಮತ್ತು ಭಾಷಿಕ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. ಅನುದಾನ ಕೊಡುವಾಗ ಅಲ್ಪಸಂಖ್ಯಾತರದ್ದೆಂಬ ಕಾರಣಕ್ಕೆ ಭೇದ ಮಾಡುವಂತಿಲ್ಲ ಎಂದೂ ಹೇಳುತ್ತದೆ. ಅದರ ಇನ್ನೊಂದು ಮಗ್ಗುಲು 29(2): ಸರ್ಕಾರದ ಹಣ ಪಡೆಯುವ ಸಂಸ್ಥೆ ಧರ್ಮ, ಜನಾಂಗ, ಜಾತಿ, ಭಾಷೆ ಎಂಬ ಕಾರಣಕ್ಕೆ ಮಾತ್ರವೇ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ. 28(3) ಪ್ರಕಾರ, ಅಂಥ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಹಾಜರಾಗಲು ಮಗುವಿನ ಪೋಷಕರ ಒಪ್ಪಿಗೆ ಬೇಕು. 1844ರಲ್ಲಿ ಮಂಗಳೂರಿನ ಪೋಷಕರು ಮಕ್ಕಳನ್ನು ಶಾಲೆ ಬಿಡಿಸಿ ಹಾಕಿದ ಗೆರೆ, ನೂರು ವರ್ಷದ ಮೇಲೆ ಕಾನೂನಾಯಿತು.

ಕೇರಳ ಶಿಕ್ಷಣ ಮಸೂದೆಯ ಬಗ್ಗೆ 1958ರಲ್ಲಿ ಅಭಿಪ್ರಾಯ ಕೊಟ್ಟ ಸುಪ್ರೀಂ ಕೋರ್ಟ್, ಆಡಳಿತ ನಡೆಸುವ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲ ಎಂದಿತು. ಅನುದಾನದ ನೆಪದಲ್ಲಿ ಆಡಳಿತದ ಹಕ್ಕನ್ನೇ ಕಸಿದುಕೊಳ್ಳಬಾರದು ಎಂದೂ ಹೇಳಿತು. ಮಣಿಪಾಲದ ಟಿಎಂಎ ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ 11 ನ್ಯಾಯಮೂರ್ತಿಗಳ ಪೀಠ ಈ ಗೆರೆಗಳನ್ನು ಮತ್ತೆ ಪರಿಶೀಲಿಸಿತು. ಅಲ್ಪಸಂಖ್ಯಾತರ ಶಾಲೆ ಎಂದರೆ ಕ್ರೈಸ್ತ ಮಕ್ಕಳಿಗೆ ಮಾತ್ರ ಎಂದೂ, ಅನುದಾನಿತ ಎಂದರೆ ಸರ್ಕಾರಿ ಶಾಲೆಯೇ ಎಂದೂ ತಿಳಿದವರು ಈ ಎರಡು ತೀರ್ಪುಗಳ ಸಾರವನ್ನಾದರೂ ಓದಬೇಕು.

ಈಗಿನ ನಿಜವಾದ ಸಂಕಟ ಕಾನೂನಿನದ್ದಲ್ಲ, ಮಕ್ಕಳ ಸಂಖ್ಯೆಯದ್ದು. ಹಳೆಯ ಅನುದಾನಿತ ಹೈಸ್ಕೂಲುಗಳು ಬಹುಪಾಲು ಕನ್ನಡ ಮಾಧ್ಯಮದವು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂಬ ರಾಜ್ಯದ 1994ರ ಆದೇಶವನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ಹೇಳಿತು. ಅದಕ್ಕೆ ಬಹಳ ಮೊದಲೇ ಪೋಷಕರು ಇಂಗ್ಲಿಷ್ ಮಾಧ್ಯಮದ ಕಡೆ ಹೊರಟಿದ್ದರು. ಒಂದೇ ಕಾಂಪೌಂಡಿನಲ್ಲಿ ಅನುದಾನಿತ ಕನ್ನಡ ವಿಭಾಗ ಸೊರಗುತ್ತ, ಪಕ್ಕದ ಅನುದಾನರಹಿತ ಇಂಗ್ಲಿಷ್ ವಿಭಾಗ ಬೆಳೆಯುತ್ತ ಇರುವ ದೃಶ್ಯ ಚರ್ಚ್ ಶಾಲೆಗಳಲ್ಲಿ ಮಾತ್ರವಲ್ಲ, ಎಲ್ಲೆಡೆ ಇದೆ. ಆದರೆ ಕನ್ನಡಕ್ಕೆ ಅಚ್ಚು, ಪತ್ರಿಕೆ, ನಿಘಂಟು ಕೊಟ್ಟ ಪರಂಪರೆಯ ಶಾಲೆಗಳಲ್ಲಿ ಕನ್ನಡ ವಿಭಾಗ ಬಡವಾಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಕನ್ನಡದ ತರಗತಿಗೆ ಒಳ್ಳೆಯ ಇಂಗ್ಲಿಷ್ ಪಾಠವನ್ನೂ ಸೇರಿಸಿ ಉಳಿಸಿಕೊಳ್ಳುವುದು ಆಡಳಿತ ಮಂಡಳಿಗಳಿಗೆ ಅಸಾಧ್ಯವೇನಲ್ಲ. 19ನೇ ಶತಮಾನದಲ್ಲಿ ಅವರ ಹಿರಿಯರು ಎರಡನ್ನೂ ಕಲಿಸಿದ್ದರು.

ತಮ್ಮ ಊರಿನ ಚರ್ಚ್ ಹೈಸ್ಕೂಲಿನ ಚರಿತ್ರೆ ಬರೆಯಹೊರಟವರಿಗೆ ಸಾಮಗ್ರಿ ಇದೆ. ಮೊದಲು ನೋಡಬೇಕಾದದ್ದು ಶಾಲೆಯ ದಾಖಲಾತಿ ಪುಸ್ತಕ. ಹುಡುಗನ ಹೆಸರು, ತಂದೆಯ ಹೆಸರು, ಜಾತಿ, ತಂದೆಯ ಕಸುಬು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಒಂದೇ ಸಾಲಿನಲ್ಲಿ ಸಿಗುತ್ತವೆ; ಹತ್ತು ವರ್ಷಗಳ ಪುಟ ತಿರುವಿದರೆ ಯಾವ ಸಮುದಾಯ ಯಾವಾಗ ಬಂತು, ಯಾವ ತರಗತಿಯಲ್ಲಿ ನಿಂತುಹೋಯಿತು ಎಂಬುದು ತಾನಾಗಿ ಕಾಣುತ್ತದೆ. ಜನ್ಮದಿನಾಂಕವನ್ನು ಮಾತ್ರ ಪೂರ್ತಿ ನಂಬಬೇಡಿ, ಶಾಲೆ ಶುರುವಾಗುವ ಜೂನ್ 1ಕ್ಕೆ ಹೊಂದಿಸಿ ಬರೆಸಿದ್ದು ಬಹಳ. ಇನ್ಸ್ಪೆಕ್ಟರರ ಭೇಟಿ ಪುಸ್ತಕ ಉಳಿದಿದ್ದರೆ ಅದರಲ್ಲಿ ಕಟ್ಟಡದ ಸೋರಿಕೆಯಿಂದ ಹಿಡಿದು ಪಾಠದ ಗುಣಮಟ್ಟದವರೆಗೆ ಹೊರಗಿನವರ ಕಣ್ಣಿನ ಟಿಪ್ಪಣಿಗಳು ಇರುತ್ತವೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಷನ್ನಿನ ದಾಖಲೆಗಳಿವೆ, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಬೇರೆ ಮಿಷನ್ನುಗಳದ್ದೂ ಸಿಗುತ್ತವೆ. ಬಾಸೆಲಿನ ಪತ್ರಾಗಾರ ತನ್ನ ಹಳೆಯ ಛಾಯಾಚಿತ್ರಗಳನ್ನು ಅಂತರ್ಜಾಲಕ್ಕೆ ಏರಿಸಿದೆ. ಲಂಡನ್ ಮಿಷನ್ ಮತ್ತು ವೆಸ್ಲಿಯನ್ನರ ಕಾಗದಪತ್ರಗಳು ಲಂಡನ್ ವಿಶ್ವವಿದ್ಯಾಲಯದ ಸೋಯಸ್ (SOAS) ಕಾಲೇಜಿನ ಗ್ರಂಥಾಲಯದಲ್ಲಿವೆ. ಅಲ್ಲಿಯದು ಕಳೆದುಹೋಗುವ ಭಯವಿಲ್ಲ. ನಮ್ಮ ಶಾಲೆಗಳ ಬೀರುಗಳಲ್ಲಿರುವ ದಾಖಲಾತಿ ಪುಸ್ತಕಗಳಿಗೆ ಗೆದ್ದಲು, ಮಳೆ ಎರಡೂ ಕಾದಿವೆ; ಸ್ಮರಣ ಸಂಚಿಕೆಗೆಂದು ಎತ್ತಿಟ್ಟ ಹಣದಲ್ಲಿ ಒಂದು ಪಾಲನ್ನು ಮೊದಲು ಅವನ್ನು ಸ್ಕ್ಯಾನ್ ಮಾಡಿಸಲು ತೆಗೆದಿಡಬೇಕು.